ಒಂದು ಚಿಟಿಕೆ ಕಡಿಮೆ

ಚಮಚದಲ್ಲಿ ಉಪ್ಪು ತುಂಬಿಕೊಂಡು, ಡಬ್ಬಿಗೇ ಸುರಿದು, ಮತ್ತೆ ತುಂಬಿಕೊಂಡು ನಿಂತವನಿಗೆ ತನ್ನ ಮೇಲೇ ಸಿಟ್ಟು ಬಂತು. ಒಂದು ಬಾಟಲಿ ನೀರಿಗೆ ಉಪ್ಪು ಹಾಕುವುದಕ್ಕೆ ಇಷ್ಟೊಂದು ಗಾಬರಿಯೇ? ಕಿಟಕಿಯ ಹೊರಗೆ ಆಗಷ್ಟೇ ಬೆಳಕು ಹರಿಯುತ್ತಿತ್ತು. ಎದುರು ಕಟ್ಟಡದಲ್ಲಿ ಯಾರೋ ಹಲ್ಲುಜ್ಜುತ್ತ ಬಾಲ್ಕನಿಗೆ ಬಂದು, ಇವನನ್ನು ನೋಡಿ, ನೋಡದವರಂತೆ ಒಳಗೆ ಹೋದರು. ಕಾಯಿಸಿ ಆರಿಸಿದ ನೀರು, ಅದರಲ್ಲಿ ಕರಗಿದ ಸಕ್ಕರೆ, ಹಿಂಡಿ ಸೋಸಿದ ಕಿತ್ತಳೆ ರಸ, ಇಷ್ಟೂ ಪಾತ್ರೆಯಲ್ಲಿ ಸಿದ್ಧವಾಗಿತ್ತು. ಇಷ್ಟನ್ನು ಅವನು ನಿದ್ದೆಗಣ್ಣಿನಲ್ಲೂ ಮಾಡಬಲ್ಲ. ಉಳಿದದ್ದು ಉಪ್ಪು. ಅರ್ಧ ಚಮಚ ಎಂದು ಹೆಂಡತಿ ಹೇಳಿದ್ದಳು, ಮೊದಲ ಸಲ, ಮ್ಯಾರಥಾನ್ ಓಟದ ಬೆಳಿಗ್ಗೆ, ಇದೇ ಅಡುಗೆ ಕಟ್ಟೆಗೆ ಒರಗಿ, ಒಂದು ಕಾಲನ್ನು ಹಿಂದಕ್ಕೆ ಮಡಚಿ ಪಾದವನ್ನು ಕೈಯಲ್ಲಿ ಹಿಡಿದುಕೊಂಡು ಕೊಕ್ಕರೆಯ ಹಾಗೆ ನಿಂತು. 'ಸಪಾಟಾಗಿ ಅರ್ಧ ಚಮಚ. ನಿನ್ನ ಧಾರಾಳತನ ಎಲ್ಲ ಸಕ್ಕರೆಗಿರಲಿ, ಉಪ್ಪು ಮಾತ್ರ ನಾನು ಹೇಳಿದಷ್ಟೇ. ತಿಳೀತಾ ಡಾಕ್ಟ್ರೇ?'

ಅವನು ಡಾಕ್ಟರಲ್ಲ. ಕನ್ನಡಕದ ಅಂಗಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಜನರ ಕಣ್ಣಿನ ಮುಂದೆ ಗಾಜು ಬದಲಾಯಿಸುತ್ತ 'ಇದು ಚೆನ್ನಾಗಿ ಕಾಣುತ್ತಾ, ಇದಾ?' ಎಂದು ಕೇಳುವುದು ಅವನ ಕೆಲಸ. ಗಿರಾಕಿಗಳು ಡಾಕ್ಟ್ರೇ ಎಂದು ಕರೆದರೆ ಅವನು ತಿದ್ದುತ್ತಿರಲಿಲ್ಲ. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ದಿನವಿಡೀ ನಿಜವಾದ ಡಾಕ್ಟರರ ಗೀಚುಬರಹ ಓದುತ್ತಿದ್ದ ಅವಳಿಗೆ ಇದು ಗೊತ್ತಾಗಿ ಬಿದ್ದು ಬಿದ್ದು ನಕ್ಕಿದ್ದಳು. ಅಂದಿನಿಂದ ಪ್ರೀತಿ ಬಂದಾಗಲೆಲ್ಲ ಅವನು ಡಾಕ್ಟ್ರು. ಪ್ರೀತಿ ಇಲ್ಲದಾಗ ಅವನಿಗೆ ಹೆಸರೇ ಇಲ್ಲ. ಬೇರೆ ಊರಿನ ಆಸ್ಪತ್ರೆಗೆ ಹೋದ ಈ ಎಂಟು ತಿಂಗಳಲ್ಲಿ ಅವಳು ಫೋನಿನಲ್ಲಿ ಒಮ್ಮೆಯೂ ಆ ಮಾತು ಆಡಿರಲಿಲ್ಲ. ಗ್ಯಾಸ್ ಬಂತಾ, ಕರೆಂಟ್ ಬಿಲ್ ಕಟ್ಟಿದೆಯಾ, ಊಟ ಆಯ್ತಾ. ಆಯ್ತು. ನಿಂದು? ಆಯ್ತು. ಆಮೇಲೆ ಇಬ್ಬರೂ ಉಸಿರಾಡುವ ಸದ್ದು. ಫೋನ್ ಇಟ್ಟ ಮೇಲೆ ಅವನು ಆ ಉಸಿರಿನ ಬಗ್ಗೆಯೇ ಯೋಚಿಸುತ್ತಿದ್ದ. ಓಡಿ ಬಂದವಳ ಉಸಿರೋ, ಕುಳಿತೇ ಇದ್ದವಳ ಉಸಿರೋ ಎಂದು.

ಅವನು ಉಪ್ಪನ್ನು ಪಾತ್ರೆಗೆ ಸುರಿದು ಕಲಕಿದ. ಅಭ್ಯಾಸಬಲದಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡ ಕೂಡಲೇ ಮುಖ ಕಿವುಚಿತು. ಥೂ, ಯಾವ ಮನುಷ್ಯರು ಕುಡಿಯುತ್ತಾರೆ ಇದನ್ನು. ಮೊದಲ ಸಲವೂ ಹೀಗೇ ಅನ್ನಿಸಿತ್ತು. ಅವಳಿನ್ನೂ ಸ್ನಾನದ ಮನೆಯಲ್ಲಿದ್ದಾಗ ರುಚಿ ನೋಡಿ, ಪಾಪ, ಅಷ್ಟು ದೂರ ಓಡಿ ಸುಸ್ತಾಗುವವಳಿಗೆ ಇಂಥ ಕಣ್ಣೀರನ್ನು ಕುಡಿಸುವುದೇ ಎಂದು ಅಷ್ಟನ್ನೂ ಚೆಲ್ಲಿ, ಹೊಸದಾಗಿ ಕಲಸಿ, ಅರ್ಧ ಚಮಚದ ಬದಲು ಒಂದು ಚಿಟಿಕೆ ಹಾಕಿದ್ದ. ಸಕ್ಕರೆಯನ್ನು ಮಾತ್ರ ಒಂದು ಕೈ ಮುಂದೆಯೇ ಹಾಕಿದ್ದ. ಓಟದ ದಾರಿಯಲ್ಲಿ, ಬೂಟಿನ ಅಂಗಡಿಯ ಮೂಲೆಯಲ್ಲಿ ನಿಂತು ಬಾಟಲಿ ಚಾಚಿದಾಗ ಅವಳು ಓಡುತ್ತಲೇ ಕುಡಿದು, ಬಾಯಿ ಒರೆಸಿಕೊಂಡು, 'ಚೆನ್ನಾಗಿದೆ' ಎಂದಿದ್ದಳು. ಆ 'ಚೆನ್ನಾಗಿದೆ'ಯನ್ನು ಅವನು ವರ್ಷಗಟ್ಟಲೆ ಎದೆಗೆ ಕಟ್ಟಿಕೊಂಡು ತಿರುಗಿದ್ದ. ಪ್ರತಿ ಓಟಕ್ಕೂ ಅದೇ ಮೂಲೆ, ಅದೇ ಬಾಟಲಿ, ಅದೇ ಚಿಟಿಕೆ. ಉಳಿದ ದಾರಿಯಲ್ಲೆಲ್ಲ ಕ್ಲಬ್ಬಿನವರು ಕೊಡುವುದನ್ನು ಕುಡಿದರೂ ಮೂವತ್ತನೇ ಕಿಲೋಮೀಟರಿನ ಆ ಮೂಲೆ ಮಾತ್ರ ಅವನದು, ಗಂಡನದು. ಗೋಡೆಗೆ ಡಿಕ್ಕಿ ಹೊಡೆದ ಹಾಗೆ ಆಗುವುದು ಅಲ್ಲಿಯೇ ಎಂದು ಅವಳು ಹೇಳುತ್ತಿದ್ದಳು, 'ಆ ಗೋಡೆ ಹತ್ರ ನೀನಿರು, ಸಾಕು.'

ಒಂದು ವರ್ಷ ಅದೇ ಮೂಲೆಯನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ಮೀನಖಂಡ ಕಲ್ಲಾಗಿ, ಕುಂಟುತ್ತ ಬಂದು ರಸ್ತೆಯಂಚಿನಲ್ಲಿ ಕುಸಿದು ಕುಳಿತಿದ್ದಳು. ಅವನು ಓಡಿಹೋಗಿ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕಿದ್ದ. ಅವಳು ನೋವಿನಿಂದ ಅವನ ಭುಜವನ್ನು ಕಚ್ಚಿ ಹಿಡಿದಿದ್ದಳು. ಬೆವರಿನ ಉಪ್ಪು ಅವಳ ಹಣೆಯ ಮೇಲೆ ಒಣಗಿ ಬಿಳಿಯ ಪುಡಿಯಾಗಿ ನಿಂತಿತ್ತು. ಈಗ ನೆನೆದರೆ ನಾಚಿಕೆಯಾಗುವುದು ಏನೆಂದರೆ ಅವನು ಆಗ ಸಂತೋಷವಾಗಿದ್ದ. ಯಾವಾಗಲೂ ಅವನಿಂದ ಆಚೆ ಓಡಿಹೋಗುತ್ತಲೇ ಇದ್ದ ಆ ಕಾಲು ಅವನ ಕೈಯಲ್ಲಿತ್ತು. ಬೆಳ್ಳಗೆ ಎದುರಿಗೇ ಕಾಣುತ್ತಿದ್ದ ಉಪ್ಪನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದನೇ ಹೊರತು, ಅದು ಎಲ್ಲಿಂದ ಬಂತು, ಹೋದದ್ದನ್ನು ಹೇಗೆ ತುಂಬಬೇಕು ಎಂದು ಅವನಿಗೆ ಹೊಳೆಯಲಿಲ್ಲ. ಜನರ ಕಣ್ಣು ಪರೀಕ್ಷಿಸುವವನು.

ಅವಳು ಹೋದ ಮೇಲೆ ಕಪಾಟಿನ ತಳದಲ್ಲಿ ಸಿಕ್ಕಿದ್ದು ಸೊಂಟಕ್ಕೆ ಕಟ್ಟಿಕೊಂಡು ಓಡುವ ಅವಳ ಹಳೆಯ ಪಟ್ಟಿ. ಅದರ ಜೇಬಿನಲ್ಲಿ ಪುಟ್ಟ ಪೊಟ್ಟಣಗಳು, ಆಸ್ಪತ್ರೆಯಲ್ಲಿ ಪುಡಿ ಔಷಧಿ ಕಟ್ಟುವ ಹಾಗೆ, ಒಂದು ಕಣವೂ ಚೆಲ್ಲದಂತೆ ಮಡಚಿ ತುದಿಯನ್ನು ಒಳಗೆ ಸಿಕ್ಕಿಸಿದ್ದು. ಆ ಮಡಿಕೆ ಅವಳ ಕೈಯದೇ. ಅವಳಿಗೇನೋ ಕಾಯಿಲೆ, ತನಗೆ ಹೇಳಿಲ್ಲ ಎಂದುಕೊಂಡ. ಒಂದನ್ನು ಬಿಚ್ಚಿ ನಾಲಿಗೆಯ ತುದಿಗೆ ಇಟ್ಟುಕೊಂಡರೆ ಉಪ್ಪು. ಬರೀ ಅಡುಗೆ ಉಪ್ಪು. ಇದನ್ನೇಕೆ ಇಷ್ಟು ಜೋಪಾನವಾಗಿ ಕಟ್ಟಿದ್ದಾಳೆ ಎಂದು ತಿಳಿಯದೆ ಹಲವು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಕೊನೆಗೆ ಓಟದ ಕ್ಲಬ್ಬಿನ ತರಬೇತುದಾರರು, ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುವುದರಿಂದ ಎಲ್ಲರಿಗೂ ಸೀಟಿ ಮೇಷ್ಟ್ರು, ಓದುವ ಕನ್ನಡಕಕ್ಕೆಂದು ಅಂಗಡಿಗೆ ಬಂದಾಗ, ಅವರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸುತ್ತ, ಏನೂ ಅಲ್ಲವೆಂಬಂತೆ ಕೇಳಿದ್ದ.

'ಮೇಷ್ಟ್ರೇ, ಓಡೋರು ಉಪ್ಪು ನೆಕ್ತಾರಾ?'

'ನಿಮ್ಮನೆಯವರ ಪೊಟ್ಟಣ ತಾನೆ?' ಕತ್ತಲಲ್ಲಿ ಮೇಷ್ಟ್ರು ನಕ್ಕರು. 'ಅದು ನಿಮ್ಮ ಬಾಟ್ಲಿಗೆ ಕಣ್ರೀ. ಬೇಜಾರು ಮಾಡ್ಕೋಬೇಡಿ. ನಮ್ಮ ಹುಡುಗ್ರು ಅದಕ್ಕೆ ಬೀಗರ ಶರಬತ್ತು ಅಂತ ಹೆಸರಿಟ್ಟಿದ್ರು. ಅಷ್ಟು ಸಿಹಿ, ಅಷ್ಟು ಸಪ್ಪೆ. ಆ ವರ್ಷ ಕಾಲು ಹಿಡ್ಕೊಂಡಿತ್ತಲ್ಲ, ಆವಾಗಿನಿಂದ ಪೊಟ್ಟಣ ಶುರು. ನಿಮ್ಮ ಮೂಲೆ ಬರೋಕೆ ಸ್ವಲ್ಪ ಮುಂಚೆ ಬಿಚ್ಚಿ ನೆಕ್ಕೊಂಡು, ಆಮೇಲೆ ನಿಮ್ಮ ಹತ್ರ ಬಂದು ಕುಡಿಯೋರು. ಲೆಕ್ಕ ಸರಿಹೋಗ್ತಿತ್ತು.'

'ಬೇರೆ ಬಾಟ್ಲಿಗೂ ನೆಕ್ತಿದ್ಳಾ?'

'ಯಾಕೆ ನೆಕ್ತಾರೆ? ನಮ್ಮದರಲ್ಲಿ ಉಪ್ಪು ಸರಿಯಾಗಿರುತ್ತೆ. ಅದರ ಮೇಲೂ ನೆಕ್ಕಿದ್ರೆ ಹೊಟ್ಟೆ ತೊಳಸುತ್ತೆ ಅಷ್ಟೆ. ನಿಮ್ಮದಕ್ಕೆ ಮಾತ್ರ.'

'ನನಗೆ ಒಂದು ಮಾತು ಹೇಳಬಹುದಿತ್ತು.'

'ನಾನೂ ಅದನ್ನೇ ಅಂದೆ. ಅವನು ರುಚಿ ನೋಡಿ ನೋಡಿ ಮಾಡ್ತಾನೆ ಮೇಷ್ಟ್ರೇ, ಹೇಳಿದ್ರೆ ಮುಖ ಸಣ್ಣದಾಗುತ್ತೆ ಅಂದ್ರು.' ಮೇಷ್ಟ್ರು ಗೋಡೆಯ ಕಡೆ ಕಣ್ಣು ಕಿರಿದು ಮಾಡಿದರು. 'ಕೂತು ರುಚಿ ನೋಡಿದ್ರೆ ಹೇಗ್ರೀ ಗೊತ್ತಾಗುತ್ತೆ? ಬೆವರು ಸುರಿಸಿದ ನಾಲಿಗೇನೇ ಬೇರೆ. ಕೆಳಗಿನ ಸಾಲು ಮಸುಕು, ಇನ್ನೊಂದು ಗಾಜು ಹಾಕಿ ನೋಡೋಣ.'

ಅವನು ಗಾಜು ಹಾಕಿದ. ಇದು ಚೆನ್ನಾಗಿ ಕಾಣುತ್ತಾ, ಇದಾ, ಎಂದು ಅವನ ಬಾಯಿ ತನ್ನಷ್ಟಕ್ಕೆ ಕೇಳಿತು. ಕ್ಲಬ್ಬಿನವರೆಲ್ಲ ತನ್ನ ಬೆನ್ನ ಹಿಂದೆ ನಕ್ಕರೆಂಬುದು ಆ ದಿನ ಚುಚ್ಚಿದ್ದು ನಿಜ. ಆದರೆ ಮನೆಗೆ ಬರುವಷ್ಟರಲ್ಲಿ ಆ ನೋವು ಎಲ್ಲೋ ಹೋಗಿ, ಉಳಿದದ್ದು ಅವಳು ಓಡುತ್ತಲೇ, ಗೋಡೆಗೆ ಡಿಕ್ಕಿ ಹೊಡೆದಂಥ ಸುಸ್ತಿನಲ್ಲಿ ಪೊಟ್ಟಣ ಬಿಚ್ಚುವ ಚಿತ್ರ. ಅವನ ಮುಖ ಸಣ್ಣದಾಗಬಾರದೆಂದು. ಅವತ್ತು ಅವನು ಊಟ ಮಾಡಲಿಲ್ಲ.

ಅವಳಿಗೆ ಬಡ್ತಿಯ ಆದೇಶ ಬಂದಾಗಲೂ ಅವನು ರುಚಿ ನೋಡಿಯೇ ಮಾತಾಡಿದ್ದ, ತನ್ನ ನಾಲಿಗೆಯಿಂದ. 'ಆ ಊರು ನಿನಗೆ ಹಿಡಿಸಲ್ಲ. ಬರೀ ಧೂಳು. ಓಡೋಕೆ ಜಾಗ ಇಲ್ಲ.' ಅವಳು ಆದೇಶದ ಮೇಲೆ ಉಪ್ಪಿನ ಡಬ್ಬಿಯನ್ನು ಭಾರಕ್ಕಿಟ್ಟು, 'ನೀನು ಯಾವಾಗ ಹೋಗಿದ್ದೆ ಅಲ್ಲಿಗೆ?' ಎಂದು ಕೇಳಿದ್ದಳು. ಹೋಗಿರಲಿಲ್ಲ. 'ಸರಿ ಬಿಡು' ಎಂದಿದ್ದಳು. ಹೊರಡುವ ದಿನ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವಳು ಸುಮ್ಮನೆ ನಿಂತಿದ್ದಳು. ನಿರ್ವಾಹಕ ಹತ್ತಿ ಹತ್ತಿ ಎನ್ನುತ್ತಿದ್ದ. ನಾನೂ ಬರ್ತೀನಿ ಎನ್ನುವ ಮಾತು ಅವನ ಗಂಟಲಿನವರೆಗೆ ಬಂದಿತ್ತು. ಕನ್ನಡಕದ ಅಂಗಡಿ ಯಾವ ಊರಿನಲ್ಲಿಲ್ಲ? ಆದರೆ ಅವನ ಬಾಯಿಂದ ಬಂದದ್ದು, 'ಇಳಿದ ಮೇಲೆ ಫೋನ್ ಮಾಡು.' ಮಾಡಿದ್ದಳು. ಹೋದ ವಾರವೂ ಮಾಡಿದ್ದಳು. 'ಓಟಕ್ಕೆ ಬರ್ತಿದೀನಿ. ಗೆಳತಿ ಮನೇಲಿ ಇಳ್ಕೋತೀನಿ, ಅಲ್ಲಿಂದ ಹತ್ತಿರ.' 'ಓ, ಸರಿ.' 'ಮತ್ತೆ?' 'ಮತ್ತೇನಿಲ್ಲ.' ಬಾಟಲಿ ತರಲೇ ಎಂದು ಕೇಳಲಿಲ್ಲ. ತಾ ಎಂದು ಅವಳೂ ಹೇಳಲಿಲ್ಲ. ಇವತ್ತು ಆ ಮೂಲೆಯಲ್ಲಿ ಅವಳು ಬಾಟಲಿ ಮುಟ್ಟದೆ ದಾಟಿ ಹೋದರೆ, ಇನ್ನು ಗ್ಯಾಸಿನ ಬಗ್ಗೆ, ಬಿಲ್ಲಿನ ಬಗ್ಗೆ ಮಾತಾಡಿಕೊಂಡೇ ಮುದುಕರಾಗಬೇಕು ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಪಾತ್ರೆಯ ಮುಂದೆ ನಿಂತು ಅವನ ಕೈ ಮತ್ತೆ ಅನುಮಾನಿಸಿತು. ಅರ್ಧವನ್ನು ಚೆಲ್ಲಿ ನೀರು ಬೆರೆಸಿಬಿಡಲೇ? ಅಭ್ಯಾಸ ಎಷ್ಟು ಗಟ್ಟಿ ನೋಡು, ಸಿಕ್ಕಿಬಿದ್ದ ಮೇಲೂ ಅದೇ ಕಳ್ಳತನ. ಅವನು ಲೋಟದಲ್ಲಿ ಸ್ವಲ್ಪ ತೆಗೆದು ಮುಚ್ಚಿಟ್ಟು, ಬಾಗಿಲು ತೆರೆದು, ಮೆಟ್ಟಿಲು ಇಳಿದ. ತಳಕ್ಕೆ ಹೋಗಿ ಮತ್ತೆ ಹತ್ತಿದ. ಮತ್ತೆ ಇಳಿದ. ಮೊದಮೊದಲು ಮರ್ಯಾದಸ್ಥನಂತೆ ಕಂಬಿ ಹಿಡಿದು, ಆಮೇಲೆ ಮೊಣಕಾಲಿಗೆ ಕೈಕೊಟ್ಟು. ತಾನು ಕೊನೆಯ ಸಲ ಓಡಿದ್ದು ಯಾವಾಗ? ಅವಳ ಕಾಲು ಹಿಡಿದುಕೊಂಡಾಗ. ಅಂಗಿ ಬೆನ್ನಿಗೆ ಅಂಟಿತು, ಕಿವಿಯಲ್ಲಿ ಹೃದಯ ಡಬಡಬ ಎಂದಿತು, ಕನ್ನಡಕ ಬೆವರಿನಲ್ಲಿ ಜಾರಿತು. ಕೆಳಗಿನ ಮನೆಯ ಅಜ್ಜಿ ಬಾಗಿಲ ಸಂದಿಯಿಂದ ತಲೆ ಹಾಕಿದರು.

'ಏನಪ್ಪಾ, ಬೆಳಗ್ಗೆ ಬೆಳಗ್ಗೆ ಏನು ಕಳ್ಕೊಂಡೆ?'

'ಏನಿಲ್ಲ ಅಜ್ಜಿ, ವ್ಯಾಯಾಮ.'

'ನಿನಗಾ?' ಎಂದರು ಅಜ್ಜಿ. 'ನಿನ್ನ ಹೆಂಡತಿ ಹೋದ ಮೇಲೆ ಈ ಮೆಟ್ಟಿಲು ಸದ್ದೇ ಮಾಡಿಲ್ಲ ನೋಡು. ಬಂದಳಾ ಅಂದ್ಕೊಂಡೆ.' ಬಾಗಿಲು ಮುಚ್ಚಿಕೊಂಡಿತು.

ಅವನು ಮೇಲೆ ಬಂದು, ಕಟ್ಟೆಗೆ ಆತುಕೊಂಡು, ಲೋಟ ಎತ್ತಿ ಕುಡಿದ. ಕುಡಿದವನು ಲೋಟವನ್ನು ದೂರ ಹಿಡಿದು ನೋಡಿದ. ಅದೇ ನೀರು. ಈಗ ಉಪ್ಪು ಎಲ್ಲಿ ಹೋಯಿತು? ನಾಲಿಗೆ ಇನ್ನೂ ಬೇಕು ಎನ್ನುತ್ತಿತ್ತು, ಮೈಯೆಲ್ಲ ಅದನ್ನೇ ಕೇಳುತ್ತಿತ್ತು. ಅಷ್ಟು ವರ್ಷ ಅವಳ ಮೈ ಕೇಳಿದ್ದು ಇದನ್ನು. ಒಂದೇ ಹಾಸಿಗೆ, ಒಂದೇ ಊಟ, ಒಂದೇ ಸೋಪು ಹಂಚಿಕೊಂಡ ಹೆಂಗಸಿನ ಬಾಯಿಯೊಳಗೆ ಮೊದಲ ಸಲ ಹೋಗಿ ಬಂದಂತಾಗಿ ಅವನಿಗೆ ಅಳು ಬಂತು. ಒಬ್ಬನೇ ಇದ್ದುದರಿಂದ ಸ್ವಲ್ಪ ಹೊತ್ತು ಅತ್ತ. ಆಮೇಲೆ ಮುಖ ತೊಳೆದು, ಒಂದು ಹನಿಯನ್ನೂ ಬದಲಾಯಿಸದೆ ಬಾಟಲಿ ತುಂಬಿ, ಚಪ್ಪಲಿ ಮೆಟ್ಟಿಕೊಂಡು ಹೊರಟ.

ಬೂಟಿನ ಅಂಗಡಿಯ ಕಬ್ಬಿಣದ ಬಾಗಿಲು ಇನ್ನೂ ಎಳೆದೇ ಇತ್ತು. ರಸ್ತೆಯ ಅಂಚಿನುದ್ದಕ್ಕೂ ಹಗ್ಗ ಕಟ್ಟಿ ವಾಹನಗಳನ್ನು ಬೇರೆ ಕಡೆ ತಿರುಗಿಸಿದ್ದರು. ಇಷ್ಟು ಅಗಲದ ರಸ್ತೆ ಸದ್ದಿಲ್ಲದೆ ಮಲಗಿರುವುದನ್ನು ನೋಡಿದರೆ ಯಾರದೋ ಮನೆಗೆ ಹೇಳದೆ ಹೋದ ಹಾಗೆ ಮುಜುಗರ. ಮೊದಲ ಸಾಲಿನ ಓಟಗಾರರು ಆಗಲೇ ದಾಟಿದ್ದರು. ಈಗ ಒಬ್ಬೊಬ್ಬರಾಗಿ ಬರುವವರು, ಬಾಯಿ ತೆರೆದವರು, ಕುತ್ತಿಗೆ ವಾಲಿದವರು, ತಮ್ಮೊಳಗೆ ಯಾರನ್ನೋ ಬೈದುಕೊಳ್ಳುತ್ತ ಬರುವವರು. ಅವರ ಹೆಜ್ಜೆಗಳು ಟಾರಿನ ಮೇಲೆ ಸಪ್ಪಳ ಮಾಡುತ್ತ ಬಂದು ಹೋಗುತ್ತಿದ್ದವು. ತೋಳಿಗೆ ಪಟ್ಟಿ ಕಟ್ಟಿಕೊಂಡ ಸ್ವಯಂಸೇವಕಿ ಒಬ್ಬಳು ಬಂದು, 'ಹಗ್ಗದ ಆಚೆ ನಿಲ್ರೀ, ನಿಮಗೇನು ಕೆಲಸ ಇಲ್ಲಿ?' ಎಂದಳು. ಅವನು ಹೆಂಡತಿ ಎನ್ನಲು ಹೋಗಿ, ಆ ಶಬ್ದಕ್ಕೆ ತನಗಿನ್ನೂ ಹಕ್ಕಿದೆಯೇ ಎಂದು ಅನುಮಾನವಾಗಿ, 'ಗೊತ್ತಿರೋರು ಓಡ್ತಿದಾರೆ' ಎಂದು ಆಚೆ ಸರಿದು ನಿಂತ. ಅಂಗೈಯ ಬೆವರಿಗೆ ಬಾಟಲಿ ಜಾರುತ್ತಿತ್ತು. ಅಷ್ಟರಲ್ಲಿ ದಪ್ಪ ಮೀಸೆಯ ಓಟಗಾರನೊಬ್ಬ ಇವನನ್ನೂ ನೀರು ಕೊಡುವವನೆಂದೇ ತಿಳಿದು ಕೈ ಚಾಚಿ ಬಂದ. ಅವನ ಬೆರಳು ಬಾಟಲಿಗೆ ತಗುಲಿತು. ಇವನು ಮಗುವನ್ನು ಎಳೆದುಕೊಂಡಂತೆ ಎದೆಗೆ ಎಳೆದುಕೊಂಡ.

'ಕೊಡೋಕಾಗದಿದ್ರೆ ಹಿಡ್ಕೊಂಡು ಯಾಕ್ರೀ ನಿಂತಿದೀರಾ!' ಎಂದು ಬೈಯುತ್ತಲೇ ಓಡಿದ ಮೀಸೆಯವನು. ಸ್ವಯಂಸೇವಕಿ ತಿರುಗಿ ನೋಡಿದಳು. ಅವನ ಕಿವಿ ಕಾದವು. ಬಾಯಾರಿದವನಿಗೆ ಇಲ್ಲವೆಂದದ್ದು ತಪ್ಪೇ. ಆದರೆ ಬಾಟಲಿ ಇದ್ದದ್ದು ಒಂದೇ.

ಸೀಟಿ ಮೇಷ್ಟ್ರು ಸೈಕಲ್ಲಿನಲ್ಲಿ ಬಂದು ಕಾಲೂರಿದರು. ಇವನನ್ನು ನೋಡಿ ಆಶ್ಚರ್ಯವಾದದ್ದನ್ನು ಮುಚ್ಚಿಡಲು ಅವರಿಗೆ ಆಗಲಿಲ್ಲ.

'ನೀವಿಲ್ಲಿ? ಅವರು ಈ ಸಲ ಎಲ್ಲ ಬಾಟ್ಲಿನೂ ನಮ್ಮ ಹತ್ರಾನೇ ಇಡಿಸಿದಾರಲ್ಲ. ಮುಂದಿನ ತಿರುವಿನಲ್ಲೇ ನಮ್ಮ ಮೇಜು ಇದೆ.'

'ಹೌದಾ.'

'ಹೇಳಿದ್ರಾ ನಿಮಗೆ, ಬನ್ನಿ ಅಂತ?'

'ಇಲ್ಲ. ಸುಮ್ಮನೆ ಬಂದೆ.'

ಮೇಷ್ಟ್ರು ಬಾಟಲಿಯನ್ನೂ ಅವನ ಮುಖವನ್ನೂ ನೋಡಿ, ಏನೋ ಹೇಳಲು ಹೋಗಿ, ಸೀಟಿಯನ್ನು ಬಾಯಿಗಿಟ್ಟುಕೊಂಡು ಊದದೆ ಹೊರಟುಹೋದರು. ಮುಂದಿನ ತಿರುವಿನಲ್ಲೇ ಮೇಜು. ಅಂದರೆ ಈ ಮೂಲೆಯಲ್ಲಿ ಅವಳಿಗೆ ಯಾರೂ ಬೇಕಾಗಿಲ್ಲ. ಹೊರಟುಬಿಡಬೇಕು ಅನ್ನಿಸಿತು. ಅವಳು ನೋಡಿ, ನೋಡಿಯೂ ಕೈ ಚಾಚದೆ, ಅವನ ಮುಖ ಸಣ್ಣದಾಗಬಾರದೆಂದು ಒಂದು ನಗು ಎಸೆದು ಹೋಗುವುದಕ್ಕಿಂತ ತಾನು ಇಲ್ಲಿ ಇಲ್ಲದಿರುವುದೇ ಮೇಲು. ಕಾಲು ಮಾತ್ರ ಅಲುಗಲಿಲ್ಲ. ಅವಳನ್ನು ನೋಡಬೇಕೆಂಬ ಆಸೆ ಅಷ್ಟಿತ್ತು. ಬಾಟಲಿ ಹಾಳಾಗಲಿ, ಒಂದು ಸಲ ಅವಳು ಎಡ ಮೊಣಕೈಯನ್ನು ಆಚೆ ಚಾಚಿಕೊಂಡು, ಬಾಗಿಲಿನಿಂದ ತೂರಿಕೊಂಡು ಬರುವವಳ ಹಾಗೆ ಭುಜ ಓರೆ ಮಾಡಿ ಓಡಿ ಬರುವುದನ್ನು ನೋಡಿದರೆ ಸಾಕು ಎಂದುಕೊಂಡ.

ಆ ಮೊಣಕೈಯೇ ಮೊದಲು ಕಂಡಿತು. ದೂರದ ಮರದ ನೆರಳಿನಿಂದ ಬಿಸಿಲಿಗೆ ಬಂದಳು. ಬಡವಾಗಿದ್ದಾಳೆ. ಕೂದಲು ಕತ್ತರಿಸಿಕೊಂಡಿದ್ದಾಳೆ, ಫೋನಿನಲ್ಲಿ ಹೇಳಿರಲಿಲ್ಲ. ಕೂದಲಿನ ಬಗ್ಗೆ ಗಂಡನಿಗೆ ಹೇಳಲೇಬೇಕೆಂದು ಏನಿಲ್ಲ. ಮುಖ ಸುಣ್ಣ ಬಳಿದ ಹಾಗಿತ್ತು. ಅವಳು ನೆಲ ನೋಡುತ್ತ ಓಡುತ್ತಿದ್ದಳು. ಇವನು ಕರೆಯಲಿಲ್ಲ. ಬಾಟಲಿಯನ್ನು ಹಗ್ಗದ ಮೇಲಿಂದ ಚಾಚಿದ, ಮೀಸೆಯವನಿಗೆ ಇಲ್ಲವೆಂದ ಅದೇ ಕೈಯಿಂದ. ಅವಳ ಬಲಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಸುಸ್ತಾದವರು ಮುಷ್ಟಿ ಕಟ್ಟುವುದಿಲ್ಲ, ಬೆರಳು ಸಡಿಲ ಬಿಡುತ್ತಾರೆ ಎಂದು ಅವಳೇ ಹೇಳುತ್ತಿದ್ದಳಲ್ಲ ಎಂದು ಅವನು ಯೋಚಿಸುತ್ತಿರುವಾಗಲೇ, ಅಂಗಡಿ ಇನ್ನೂ ಸ್ವಲ್ಪ ದೂರವಿರುವಾಗಲೇ, ಅವಳು ತಲೆ ಎತ್ತಿ ಮೂಲೆಯ ಕಡೆ ನೋಡಿ, ಮುಷ್ಟಿ ಬಿಚ್ಚಿ, ಒಂದು ಪುಟ್ಟ ಕಾಗದವನ್ನು ಹಲ್ಲಿನಿಂದ ಎಳೆದು, ನಾಲಿಗೆ ಚಾಚಿ ನೆಕ್ಕಿದಳು.

ಅವನಿಗೆ ಕೂಗಿ ಹೇಳಬೇಕಿತ್ತು, ಬೇಡ, ಈ ಸಲ ಬೇಡ ಎಂದು. ಅಷ್ಟರಲ್ಲಿ ಅವಳು ಬಂದು ಬಾಟಲಿ ಕಿತ್ತುಕೊಂಡು, ಎಂದಿನಂತೆ ಗಟಗಟ ಎರಡು ಗುಟುಕು ಒಳಗೆ ಬಿಟ್ಟು, ತಟ್ಟನೆ ನಿಂತಳು. ಓಟದ ನಡುವೆ ಅವಳು ನಿಂತಿದ್ದನ್ನು ಅವನು ಕಂಡದ್ದು ಕಾಲು ಹಿಡಿದುಕೊಂಡ ದಿನ ಮಾತ್ರ. ಮುಖವೆಲ್ಲ ಮೂಗಿನ ಸುತ್ತ ಮುದುಡಿತು, ಕಣ್ಣಲ್ಲಿ ನೀರು ಬಂತು, ಕೆಮ್ಮಿ, ಉಗಿದು, ಮೊಣಕಾಲಿನ ಮೇಲೆ ಕೈಯೂರಿ ಬಾಗಿದಳು.

'ಥೂ! ಇದೇನು ಡಾಕ್ಟ್ರೇ, ಸಮುದ್ರಾನೇ ತಂದಿದೀಯಾ?'

'ಅರ್ಧ ಚಮಚ' ಎಂದ ಅವನು. 'ಸಪಾಟಾಗಿ. ನೀನು ಹೇಳಿದಷ್ಟೇ.'

ಅವಳು ಬಾಗಿದಲ್ಲಿಂದಲೇ ಅವನನ್ನು ನೋಡಿದಳು. ಅವಳ ಬೆರಳ ಸಂದಿಯಲ್ಲಿದ್ದ ಕಾಗದವನ್ನು ಅವನು ನೋಡುತ್ತಿರುವುದು ಅವಳಿಗೆ ಕಂಡಿತು. ಅದನ್ನು ಬೆನ್ನ ಹಿಂದೆ ಅಡಗಿಸಲು ಹೋಗಿ, ಅಷ್ಟರಲ್ಲೇ ತಡವಾಯಿತೆಂದು ತಿಳಿದು, ಸಿಕ್ಕಿಬಿದ್ದ ಹುಡುಗಿಯ ಹಾಗೆ ನಕ್ಕುಬಿಟ್ಟಳು. ಹಿಂದಿನಿಂದ ಬಂದ ಇಬ್ಬರು ಅವಳನ್ನು ದಾಟಿ ಹೋದರು. ಸ್ವಯಂಸೇವಕಿ 'ಮೇಡಂ, ನಿಲ್ಲಬೇಡಿ, ಓಡಿ' ಎಂದು ಚಪ್ಪಾಳೆ ತಟ್ಟಿದಳು. ಅವಳು ಮತ್ತೆ ಹೆಜ್ಜೆ ಕೂಡಿಸಿಕೊಂಡು ಓಡತೊಡಗಿದಳು. ಕ್ಲಬ್ಬಿನ ಬಾಟಲಿಗಳನ್ನು ಕುಡಿದು ಎಸೆಯುವವಳು ಇದನ್ನು ಎಸೆಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ಕಾಗದ ಮಾತ್ರ ಕೆಳಗೆ ಬಿತ್ತು.

ಅವನು ಹಗ್ಗದ ಈಚೆ, ಕಾಲುದಾರಿಯ ಮೇಲೆ, ಅವಳಿಗೆ ಸಮನಾಗಿ ಓಡಿದ. ಚಪ್ಪಲಿ ಪಟಪಟ ಬಡಿಯಿತು. ಮೆಟ್ಟಿಲು ಹತ್ತಿದ ನೋವು ತೊಡೆಯಲ್ಲಿ ಎದ್ದು ಕೂತಿತು.

'ನಾನೂ ಬರ್ತೀನಿ!'

'ಏನು?'

'ನಾನೂ ಬರ್ತೀನಿ ಅಂದೆ. ನಿನ್ನ ಜೊತೆ. ಆ ಊರಿಗೆ.'

ಅವಳು ಓಡುತ್ತಲೇ ಕುತ್ತಿಗೆ ಹೊರಳಿಸಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

'ಚಪ್ಪಲೀಲಾ?'

ಇಷ್ಟೇ. ಆಮೇಲೆ ಮೊಣಕೈ ಆಚೆ ಚಾಚಿ, ಭುಜ ಓರೆ ಮಾಡಿ, ತಿರುವಿನಲ್ಲಿ ಮರೆಯಾದಳು. ಅವನು ಸೊಂಟ ಹಿಡಿದುಕೊಂಡು ನಿಂತ. ಎದೆ ಒಡೆಯುವ ಹಾಗೆ ಬಡಿಯುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ನಿಧಾನವಾಗಿ ಹಿಂದಕ್ಕೆ ನಡೆದು ಬಂದು, ಸ್ವಯಂಸೇವಕಿ ಬೇಡ ಎನ್ನುವ ಮೊದಲೇ ಹಗ್ಗದಡಿ ನುಸುಳಿ, ಕಾಗದವನ್ನು ಎತ್ತಿಕೊಂಡ. ಮಡಿಕೆಯ ಗೆರೆಗಳು ಇನ್ನೂ ಹರಿತವಾಗಿದ್ದವು, ನಿನ್ನೆಯೋ ಮೊನ್ನೆಯೋ ಮಡಚಿದ್ದು. ಬೇರೆ ಊರಿನಲ್ಲಿ, ಅವನು ನೋಡದ ಯಾವುದೋ ಕೋಣೆಯಲ್ಲಿ, ಬರುತ್ತಾನೋ ಇಲ್ಲವೋ ಎಂದು ತಿಳಿಯದೆ ಕುಳಿತು ಮಡಚಿದ್ದು. ಗೆರೆಯಲ್ಲಿ ನಾಲ್ಕಾರು ಹರಳು ಉಳಿದಿದ್ದವು. ನೆಕ್ಕಿದ. ಸಾಲಲಿಲ್ಲ, ಇನ್ನೂ ಬೇಕೆನ್ನಿಸಿತು.

ಕಾಗದವನ್ನು ಅದೇ ಗೆರೆಗಳಲ್ಲಿ ಮಡಚಿ ಜೇಬಿನಲ್ಲಿಟ್ಟುಕೊಂಡ. ಬಗ್ಗಿ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡು, ಅವಳು ಹೋದ ದಾರಿಯಲ್ಲಿ ಬರಿಗಾಲಲ್ಲಿ ಹೊರಟ.